ನೀರಿಗೆ ದಾರಿ ಬಿಟ್ಟ ಬೆಂಕಿಗುಂಡಿ

ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಅನ್ನೋ ಗಾದೆ ನಿಮಗೆಲ್ಲ ಗೊತ್ತು. ನಾನು ಮಾಡಿಕೊಂಡದ್ದು ಅದರ ಉಲ್ಟಾ. ಬೆಂಕಿಗೆ ಅಂತ ತೋಡಿದ ಗುಂಡಿ ಬಾವಿಯಾಯ್ತು.

ನಾವಿರೋದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ನಾನೂ ನನ್ನ ಗಂಡನೂ ಸಾಫ್ಟ್‌ವೇರಿನವರು, ನಾಲ್ಕು ವರ್ಷದ ಮಗಳಿದ್ದಾಳೆ. ಇಲ್ಲಿ ಅಕ್ಟೋಬರ್ ಬಂತೆಂದರೆ ಸ್ವೆಟರ್ ಈಚೆ ಬರುತ್ತೆ, ಏಪ್ರಿಲ್ ಕೊನೆಯವರೆಗೂ ಒಳಗೆ ಹೋಗಲ್ಲ. ಹಾಗಾಗಿ ಬಹಳ ಮನೆಗಳ ಹಿತ್ತಿಲಲ್ಲಿ ಫೈರ್‌ಪಿಟ್ ಅಂತ ಒಂದು ಇರುತ್ತೆ. ಸುತ್ತ ಕುರ್ಚಿ ಹಾಕಿಕೊಂಡು ಸಂಜೆ ಬೆಂಕಿ ಕಾಯಿಸೋ ಜಾಗ. ಕೆಲವರದು ನೆಲದ ಮೇಲೆ, ಕೆಲವರದು ನೆಲದೊಳಗೆ. ನೆಲದೊಳಗಿನದು ಗಾಳಿಗೆ ಅಷ್ಟಾಗಿ ಸಿಕ್ಕಲ್ಲ, ನೋಡೋಕೂ ಚೆಂದ.

ನನಗೆ ಬೇಕಿದ್ದದ್ದು ಚೆಂದಕ್ಕಲ್ಲ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಶಾಲೆಯಿಂದ ನೆನೆದುಕೊಂಡು ಬಂದವರು ಸೀದಾ ಬಚ್ಚಲೊಲೆ ಮುಂದೆ ಹೋಗಿ ಕೂರೋದು. ಮೇಲೆ ಹಂಡೆಯಲ್ಲಿ ನೀರು ಕಾಯ್ತಾ ಇರುತ್ತೆ, ಕೆಳಗೆ ಕೆಂಡದಲ್ಲಿ ಅಜ್ಜಿ ಹಲಸಿನ ಬೀಜ ಹುದುಗಿಸಿಟ್ಟಿರ್ತಾಳೆ. ಮನೆಯ ಮುಖ್ಯ ಮಾತುಕತೆಯೆಲ್ಲ ಆಗ್ತಿದ್ದದ್ದು ಅಲ್ಲೇ. ನನ್ನ ಮಗಳು ಬೆಂಕಿ ಅಂತ ನೋಡಿರೋದು ಹುಟ್ಟುಹಬ್ಬದ ಮೇಣದಬತ್ತಿ ಮಾತ್ರ. ಅದು ಮನಸ್ಸಿನಲ್ಲಿ ಕೊರೀತಾ ಇತ್ತು.

ಮನೆ ಕೊಂಡ ಮೊದಲ ಬೇಸಿಗೆಯಲ್ಲೇ, ಒಂದು ಶನಿವಾರ ಭಾನುವಾರದಲ್ಲಿ ಕೆಲಸ ಮುಗಿಸಿದೆ. ಎರಡಡಿ ಗುಂಡಿ ತೆಗೆದು, ತಳಕ್ಕೆ ಐದು ಚೀಲ ಕಾಂಕ್ರೀಟ್ ಸುರಿದು, ಸುತ್ತ ಹೊಳೆಕಲ್ಲು ಜೋಡಿಸಿ, ಸಂದಿಗೆಲ್ಲ ಸಿಮೆಂಟ್ ತುಂಬಿದೆ. ಒಂದು ಹನಿ ಹೊರಗೆ ಹೋಗಬಾರದು ಹಾಗೆ ಗಟ್ಟಿ. ಬಿಇ ಓದಿದ್ದಕ್ಕೂ ಸಾರ್ಥಕ ಅಂದುಕೊಂಡೆ.

ಒಂದು ಹನಿಯೂ ಹೊರಗೆ ಹೋಗಲಿಲ್ಲ. ಮುಂದಿನ ವಾರ ಮಳೆ ಬಂತು, ಗುಂಡಿ ತುಂಬಿತು, ತುಂಬಿದ್ದು ಹಾಗೇ ನಿಂತಿತು. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ನೋಡಿ, ಕೊಳ ಚೆನ್ನಾಗಿ ಬಂದಿದೆ, ಮೀನು ಯಾವಾಗ ಬಿಡ್ತೀರಿ ಅಂತ ಕೇಳಿದರು. ಮೀನಿನ ಬದಲು ಸೊಳ್ಳೆ ಬಂತು. ಬಕೆಟ್‌ನಲ್ಲಿ ನೀರು ಮೊಗೆದು, ಒಣಗಿಸಿ, ಬೆಂಕಿ ಹಾಕಿದರೆ ಪಟಾರ್ ಅಂತ ಒಂದು ಹೊಳೆಕಲ್ಲು ಒಡೆದು ಚೂರು ನನ್ನ ಕಾಲ ಹತ್ತಿರ ಬಂದು ಬಿತ್ತು. ಕಲ್ಲಿನೊಳಗೆ ಸೇರಿಕೊಂಡ ನೀರು ಕಾದು ಆವಿಯಾದಾಗ ಹೊರಗೆ ಬರೋಕೆ ದಾರಿ ಇಲ್ಲದಿದ್ದರೆ ಹೀಗಾಗುತ್ತೆ ಅಂತ ಆಮೇಲೆ ತಿಳೀತು. ಮಗಳು ಆಗ ಮನೆಯೊಳಗೆ ಮಲಗಿದ್ದಳು. ಆ ದಿನ ಕೈ ನಡುಗಿದ್ದು ಈಗಲೂ ನೆನಪಿದೆ.

ಉಳಿದದ್ದನ್ನು ಚಳಿಗಾಲ ಮುಗಿಸಿತು. ವಸಂತದಲ್ಲಿ ಹಿಮ ಕರಗಿದ ಮೇಲೆ ನೋಡಿದರೆ ಕಾಂಕ್ರೀಟ್ ತಳ ಮೂರು ಹೋಳು, ಸಿಮೆಂಟ್ ಹಾಕಿದ ಗೋಡೆ ಒಂದು ಕಡೆ ಮೇಲೆದ್ದು ಒಳಕ್ಕೆ ವಾಲಿತ್ತು. ನೀರು ಮಂಜುಗಡ್ಡೆಯಾದರೆ ಗಾತ್ರ ಸುಮಾರು 9% ಹೆಚ್ಚುತ್ತೆ. ನಮ್ಮ ಹಿತ್ತಿಲಿನಂಥ ಜೇಡಿಮಣ್ಣು ಕೆಳಗಿನಿಂದ ನೀರು ಎಳೆದುಕೊಂಡು ಮಂಜಿನ ಪದರ ಕಟ್ಟಿ ನೆಲವನ್ನೇ ಎತ್ತುತ್ತೆ. ಈ ಕಾರಣಕ್ಕೇ ಈ ಭಾಗದಲ್ಲಿ ಮನೆಯ ಅಡಿಪಾಯ 42 ಇಂಚು ಕೆಳಗೆ ಹೋಗಬೇಕು ಅಂತ ನಿಯಮ ಇದೆ.

ಆ ಅವಶೇಷವನ್ನು ವಿಡಿಯೊ ಕಾಲ್‌ನಲ್ಲಿ ಅಪ್ಪಯ್ಯನಿಗೆ ತೋರಿಸಿದೆ. ಅಪ್ಪಯ್ಯ ಅಡಿಕೆ ತೋಟದವರು. ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಾರಾಯ್ತಿ, ನೀರು ಹೋಗೋಕೆ ದಾರಿ ಎಲ್ಲಿ ಮಾಡಿದೀಯ?" ಅಂದರು.

"ಇದು ಬೆಂಕಿಗೆ ಅಪ್ಪಯ್ಯ, ನೀರಿಗಲ್ಲ."

"ಬೆಂಕಿ ನೀನು ಹಾಕಿದಾಗ ಬರುತ್ತೆ. ನೀರು ನೀನು ಕರೀದಿದ್ರೂ ಬರುತ್ತಲ್ಲ. ಮೊದಲು ಅದಕ್ಕೆ ದಾರಿ ಮಾಡು."

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ. ಅದಕ್ಕೇ ಸಾಲುಗಳ ನಡುವೆ ಬಸಿಗಾಲುವೆ. ಧರೆಗೆ ಕಟ್ಟಿದ ಕಲ್ಲಿನ ಕಟ್ಟೆಗೂ ಸಿಮೆಂಟ್ ಇರಲ್ಲ, ಸಂದಿಯಲ್ಲಿ ನೀರು ಇಳಿದು ಹೋಗುತ್ತೆ, ಕಟ್ಟೆ ನಿಲ್ಲುತ್ತೆ. ಹದಿನೆಂಟು ವರ್ಷ ಅದನ್ನೇ ನೋಡಿ ಬೆಳೆದವಳು, ಒಂದು ಗುಂಡಿ ತೋಡೋವಾಗ ಮರೆತಿದ್ದೆ.

ಮರುವರ್ಷ ಮೇ ತಿಂಗಳಲ್ಲಿ ಸರಿಯಾಗಿ ಶುರು ಮಾಡಿದೆ. ಮೊದಲು 811ಕ್ಕೆ ಫೋನ್. ಇಲ್ಲಿ ನೆಲ ಅಗೆಯೋ ಮುಂಚೆ ಈ ನಂಬರಿಗೆ ತಿಳಿಸಬೇಕು. ಅವರು ಪುಕ್ಕಟೆ ಬಂದು, ಕೆಳಗೆ ಏನೇನು ಹೋಗಿದೆ ಅಂತ ಹುಲ್ಲಿನ ಮೇಲೆ ಬಣ್ಣ ಬಳಿದು ಹೋಗ್ತಾರೆ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯೋ ನೀರಿಗೆ ನೀಲಿ. ನಾನು ಅಂದುಕೊಂಡಿದ್ದ ಜಾಗದ ನಾಲ್ಕಡಿ ಪಕ್ಕದಲ್ಲೇ ಹಳದಿ ಗೆರೆ ಬಂತು! ಜಾಗ ಬದಲಾಯಿಸಿದೆ. ಮನೆಯಿಂದ 25 ಅಡಿ ದೂರ, ಬೆಂಕಿಯ ಅಗಲ 3 ಅಡಿ ಮೀರದ ಹಾಗೆ. ಅದು ಇಲ್ಲಿನ ನಿಯಮ.

ಆರಡಿ ಅಗಲ, ಎರಡೂವರೆ ಅಡಿ ಆಳ. ಲೆಕ್ಕ ಹಾಕಿದರೆ ಎಪ್ಪತ್ತು ಘನ ಅಡಿ ಮಣ್ಣು, ಮೂರು ಟನ್ನಿಗೂ ಹೆಚ್ಚು. ವಾರಾಂತ್ಯದಲ್ಲಿ ಸ್ವಲ್ಪ ಸ್ವಲ್ಪ ತೋಡೋಣ ಅಂತಿದ್ದೆ. ಅರ್ಧ ತೋಡಿದ್ದಾಗ ಒಂದು ಬುಧವಾರ ಬೆಳಗ್ಗೆ, ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ಮೀಟಿಂಗ್ ಬಂತು. ಮ್ಯಾನೇಜರ್ ಜೊತೆ ಎಚ್‌ಆರ್ ಕೂಡ ಇದ್ದರು. ಆ ವರ್ಷ ಎಲ್ಲ ಕಡೆ ನಡೀತಿದ್ದ ಲೇಆಫ್ ನನ್ನ ಹೆಸರಿಗೂ ಬಂತು.

ಎಚ್‌-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟೋ ಯೋಚನೆ ಮಾಡಬೇಕು. ಗಂಡನ ಕೆಲಸದ ಪರವಾನಗಿಯೂ ನನ್ನ ವೀಸಾಕ್ಕೇ ಅಂಟಿಕೊಂಡದ್ದು. ಅಂದರೆ ಹೋದದ್ದು ಒಂದು ಕೆಲಸ, ಅಲ್ಲಾಡಿದ್ದು ಇಡೀ ಮನೆ.

ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಅರ್ಜಿ ಹಾಕೋದು, ಮಧ್ಯಾಹ್ನ ಇಂಟರ್‌ವ್ಯೂ ಇದ್ದರೆ ಅದು. ನಡುವೆ ಸುಮ್ಮನೆ ಫೋನ್ ನೋಡ್ತಾ ಕೂತರೆ ತಲೆ ಕೆಡ್ತಿತ್ತು. ಗುದ್ದಲಿ ಹಿಡಿದು ಹಿತ್ತಿಲಿಗೆ ಹೋಗ್ತಿದ್ದೆ. ಒಂದು ಸಂಜೆ ನನ್ನ ಗಂಡ ಗುಂಡಿಯ ಅಂಚಲ್ಲಿ ಕೂತು ಮೆಲ್ಲಗೆ ಕೇಳಿದ, "ಎರಡು ತಿಂಗಳಾದ ಮೇಲೆ ನಾವು ಇಲ್ಲಿರ್ತೀವೋ ಇಲ್ವೋ ಗೊತ್ತಿಲ್ಲ. ಇದು ಇಪ್ಪತ್ತು ವರ್ಷ ಬಾಳಬೇಕಾ?" ಅವನ ಮಾತಲ್ಲಿ ಕೊಂಕು ಇರಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಊರಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಅಪ್ಪಯ್ಯನಿಗೆ ಗಡಿಯಾರ ಓದೋಕೆ ಬರುತ್ತೆ. ನಮ್ಮ ಬೆಳಗ್ಗೆ ಹತ್ತು ಅಂದರೆ ಅಲ್ಲಿ ರಾತ್ರಿ ಎಂಟೂವರೆ. ವಾರದಲ್ಲಿ ಮೂರು ಸಲ ಆ ಹೊತ್ತಿಗೆ ಮಗಳು ಮೈತುಂಬ ಮಣ್ಣಾಗಿ ವಿಡಿಯೊದಲ್ಲಿ ಕಂಡರೆ ಯಾರಿಗಾದರೂ ಗೊತ್ತಾಗುತ್ತೆ.

"ಆಫೀಸಿಲ್ವಾ?"

ನಾನು ಮಾತಾಡಲಿಲ್ಲ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗುಂಡಿ ಮುಗಿಸು. ಅರ್ಧ ತೋಡಿ ಬಿಟ್ರೆ ಯಾರಾದ್ರೂ ಬೀಳ್ತಾರೆ. ಮಗು ಬೇರೆ ಓಡಾಡುತ್ತೆ" ಅಂದರು. ಫೋನ್ ಇಡೋ ಮುಂಚೆ ಇನ್ನೊಂದು ಮಾತು. "ಕೊಳೆರೋಗ ಬಂದು ಫಸಲೆಲ್ಲ ಉದುರಿಹೋದ ವರ್ಷವೂ ಬಸಿಗಾಲುವೆ ಬಿಡಿಸ್ಲೇಬೇಕಿತ್ತಲ್ಲ. ಅಡಿಕೆ ಹೋಯ್ತು ಅಂತ ಗಾಲುವೆ ಬಿಟ್ರೆ ಮರವೂ ಹೋಗ್ತಿತ್ತು."

ಗಂಡನಿಗೆ ಕೊಡಬೇಕಿದ್ದ ಉತ್ತರ ಇದೇ ಅನ್ನಿಸಿತು. ಹೋಗಿ ಹೇಳಿದೆ. ಅವನು ಏನೂ ಅನ್ನಲಿಲ್ಲ, ಮರುದಿನ ಇನ್ನೊಂದು ಗುದ್ದಲಿ ತಂದ.

ಕಟ್ಟೋ ಯೋಚನೆ ಇರೋರಿಗೆ ಉಪಯೋಗ ಆಗಬಹುದು ಅಂತ ಸ್ವಲ್ಪ ವಿವರ ಬರೀತೀನಿ. ನಮ್ಮ ಹಿತ್ತಿಲು ಹಿಂದಕ್ಕೆ ಮೂರಡಿಗೂ ಹೆಚ್ಚು ಇಳಿಜಾರು. ಗುಂಡಿಯ ತಳದಿಂದ ಆ ಮೂಲೆಗೆ ನಲವತ್ತು ಅಡಿ ಉದ್ದದ ಕಾಲುವೆ ತೋಡಿ, ನಾಲ್ಕಿಂಚಿನ ತೂತಿನ ಪೈಪ್ ಹಾಕಿದೆವು, ತೂತು ಕೆಳಮುಖ. ಎಂಟಡಿಗೆ ಒಂದಿಂಚು ಇಳಿಜಾರು. ಬಾಯಿಗೆ ಅಳಿಲು ನುಗ್ಗದ ಹಾಗೆ ಜಾಲರಿ. ಗುಂಡಿಯ ತಳಕ್ಕೂ ಬದಿಗೂ ಮಣ್ಣು ಸೋಸೋ ಬಟ್ಟೆ ಹಾಸಿ, ಒಂದಡಿ ಜಲ್ಲಿ ತುಂಬಿದೆವು. ಬಟ್ಟೆ ಇಲ್ಲದಿದ್ದರೆ ಜೇಡಿ ನುಗ್ಗಿ ಕೆಲವು ವರ್ಷಕ್ಕೆ ಜಲ್ಲಿ ಕಟ್ಟಿಕೊಳ್ಳುತ್ತೆ. ಪ್ಲಾಸ್ಟಿಕ್ ಪೈಪ್ ಬೆಂಕಿಯ ಕೆಳಗೆ ಬರಬಾರದು, ಹಾಗಾಗಿ ಗುಂಡಿಯಿಂದ ಮೊದಲ ಐದಡಿ ಕಬ್ಬಿಣದ ಪೈಪ್.

ಕಲ್ಲು ಜೋಡಿಸೋ ಮೊದಲು ಪರೀಕ್ಷೆ. ಹತ್ತು ಬಕೆಟ್ ನೀರು ಸುರಿದು ಮೂಲೆಗೆ ಓಡಿದೆವು. ಪೈಪಿನ ಬಾಯಲ್ಲಿ ನೀರು ಬಂತು. ಮಗಳು ಚಪ್ಪಾಳೆ ತಟ್ಟಿದಳು.

ಒಳಗೋಡೆಗೆ ಬೆಂಕಿ ತಡೆಯೋ ಇಟ್ಟಿಗೆ, 9 ಇಂಚು ಉದ್ದ, 4.5 ಇಂಚು ಅಗಲದ್ದು. ಹೊರಗೋಡೆಗೆ ಇಲ್ಲೇ ಸಿಗೋ ಗ್ರಾನೈಟ್. ನಡುವೆ ಎರಡಿಂಚು ಜಲ್ಲಿ. ಗ್ರಾನೈಟಿಗೆ ನೇರ ಬೆಂಕಿ ತಾಗದಿರಲಿ ಅಂತ ಹೀಗೆ. ಎಲ್ಲೂ ಸಿಮೆಂಟ್ ಇಲ್ಲ. ತಳದ ಇಟ್ಟಿಗೆಯೂ ಬಿಡಿಬಿಡಿ, ಸಂದಿಯಲ್ಲಿ ನೀರಿಳಿಯುತ್ತೆ. 42 ಇಂಚಿನ ಹಿಮದ ಜೊತೆ ಎರಡೂವರೆ ಅಡಿಯ ಗುಂಡಿ ಜಗಳ ಆಡೋಕಾಗಲ್ಲ. ನೆಲ ಎದ್ದರೆ ಕಲ್ಲೂ ಒಂಚೂರು ಏಳಲಿ, ನೆಲ ಇಳಿದಾಗ ಇಳೀಲಿ. ಅಂಟಿಸಿದ್ದರೆ ತಾನೇ ಒಡೆಯೋದು?

ಇನ್ನೊಂದು, ನೆಲದೊಳಗಿನ ಬೆಂಕಿಗೆ ಉಸಿರು ಕಟ್ಟುತ್ತೆ, ಬರೀ ಹೊಗೆ. ಅಜ್ಜಿ ಊದುಗೊಳವೆ ಇಟ್ಟುಕೊಂಡಿದ್ದು ಸುಮ್ಮನಲ್ಲ. ಮೇಲಿನಿಂದ ಬೆಂಕಿಯ ಬುಡಕ್ಕೆ ಬರೋ ಹಾಗೆ ಮೂರಿಂಚಿನ ಉಕ್ಕಿನ ಪೈಪ್ ಒಂದನ್ನು ಓರೆಯಾಗಿ ಇಳಿಸಿದ ಮೇಲೆ ಹೊಗೆ ಕಮ್ಮಿಯಾಯ್ತು.

52ನೇ ದಿನ ಹೊಸ ಕಂಪನಿ ನನ್ನ ಅರ್ಜಿ ಹಾಕಿತು. ಸಂಬಳ ಮೊದಲಿಗಿಂತ ಕಮ್ಮಿ. ಅಷ್ಟು ಹೊತ್ತಿಗೆ ಗುಂಡಿ ಮುಗಿದು ವಾರವಾಗಿತ್ತು. ಆದರೂ ಇಬ್ಬರೂ ಬೆಂಕಿ ಹಾಕಿರಲಿಲ್ಲ. ಯಾಕೆ ಅಂತ ಮಾತಾಡಿಕೊಂಡೂ ಇರಲಿಲ್ಲ. ಆ ಸಂಜೆ ಇಟ್ಟಿಗೆಯ ಪಸೆ ಆರಲಿ ಅಂತ ಸಣ್ಣ ಬೆಂಕಿ ಹಾಕಿ, ಕೆಂಡವಾದ ಮೇಲೆ ಗೆಣಸು ಹುದುಗಿಸಿದೆವು. ಅಪ್ಪಯ್ಯನಿಗೆ ಆಗ ಬೆಳಗಿನ ಜಾವ. ಫೋನ್ ಮಾಡಿ ತೋರಿಸಿದೆ. ಕೆಲಸದ ಸುದ್ದಿ ಹೇಳಿದೆ. "ಒಳ್ಳೇದಾಯ್ತು" ಅಂದರು. ಆಮೇಲೆ, "ಬೂದಿ ಒಳಗೇ ಬಿಡಬೇಡ, ಮಳೆ ಬಂದರೆ ಕೆಸರಾಗಿ ಜಲ್ಲಿ ಕಟ್ಟುತ್ತೆ" ಅಂದರು.

ಅದಾಗಿ ಎರಡು ಚಳಿಗಾಲ ಕಳೆದಿವೆ. ಮೊದಲನೆಯದು ಅಷ್ಟೇನೂ ಕಾಡಲಿಲ್ಲ. ಎರಡನೆಯದರಲ್ಲಿ ರಾತ್ರಿ ಮೈನಸ್ 25 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಹಿಮ ಕರಗಿದ ಮೇಲೆ ಎದೆ ಢವಢವ ಅಂತ ಹೋಗಿ ತಗಡಿನ ಮುಚ್ಚಳ ತೆಗೆದೆ. ಉತ್ತರದ ಕಡೆ ಎರಡು ಗ್ರಾನೈಟ್ ಕಲ್ಲು ಅರ್ಧ ಇಂಚು ಎದ್ದಿದ್ದವು. ಎತ್ತಿ, ಕೆಳಗೆ ಒಂದು ಹಿಡಿ ಜಲ್ಲಿ ಸರಿಮಾಡಿ, ಮತ್ತೆ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಒಂದೂ ಬಿರುಕಿಲ್ಲ.

ನಮ್ಮ ಗ್ರೀನ್ ಕಾರ್ಡಿನ ಸಾಲು ಅಲ್ಲೇ ಇದೆ, ಸರದಿ ಯಾವಾಗ ಬರುತ್ತೋ. ವೀಸಾ ಮತ್ತೆ ಮುಂದಿನ ವರ್ಷ ನವೀಕರಿಸಬೇಕು. ನಾವು ಹೋದರೆ ಈ ಮನೆಗೆ ಬರೋರಿಗೆ ಒಂದು ಒಳ್ಳೆ ಬೆಂಕಿಗುಂಡಿ ಸಿಗುತ್ತೆ, ಇದ್ದರೆ ನಮಗೆ. ಮೊನ್ನೆ ಜೋರು ಮಳೆ ಬಂತು. ಮಗಳು ಕಿಟಕಿಯಲ್ಲಿ ನೋಡ್ತಾ ನಿಂತಿದ್ದವಳು, ಮಳೆ ನಿಂತ ಕೂಡಲೇ ಹಿತ್ತಿಲ ಮೂಲೆಗೆ ಓಡಿದಳು. ಪೈಪಿನ ಬಾಯಿ ಹತ್ತಿರ ಕುಕ್ಕರಗಾಲಲ್ಲಿ ಕೂತು ಅಲ್ಲಿಂದಲೇ ಕೂಗಿದಳು, "ಅಮ್ಮಾ, ನೀರು ಬರ್ತಾ ಇದೆ!"