ಚಿಗರಿ ಮತ್ತು ರಿವಾಲ್ವರ್ (ಭಾಗ 4)

ಹೋದ ಪೋಸ್ಟ್ ನೋಡಿ ಬ್ಯಾಡಗಿ ಗೆಳೆಯನೊಬ್ಬ ಕೇಳಿದ್ದ: "ಲೇ, ರಿವಾಲ್ವರ್‌ಲೆ ಚಿಗರಿ ಹೊಡಿಯಾಕ ಬರ್ತೈತೇನು?"

ಸಿನಿಮಾದಾಗ ಬರ್ತೈತಪಾ, ರಾಣೆಬೆನ್ನೂರಿನ ಬಯಲಿನಾಗ ಅಲ್ಲ. ಚಿಗರಿ, ಅಂದ್ರ ಕೃಷ್ಣಮೃಗ, ದೂರದಿಂದಲೇ ನಮ್ಮನ್ನು ಕಂಡು ಓಡ್ತೈತಿ, ಗಂಟೆಗೆ 80 ಕಿಲೋಮೀಟರ್ ಹತ್ತಿರ. ಗಿಡ್ಡ ನಳಿಗೆಯ ಗುರಿ ಅಷ್ಟು ದೂರ ನಿಲ್ಲೂದಿಲ್ಲ. ತಗುಲಿದರೂ ಹೊಟ್ಟೆಗೋ ಕಾಲಿಗೋ. ಕುಂಟುತ್ತಾ ಯಾರದೋ ಹೊಲದಾಗ ಹೊಕ್ಕು ನರಳಿ ಸಾಯ್ತೈತಿ. ಇದಕ್ಕ ಬ್ಯಾಟಿ ಅಂತಾರೇನು?

ಕಾನೂನಿನ ಮಾತು ಬ್ಯಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕನಿಷ್ಠ 3 ವರ್ಷ ಜೈಲು. 1998ರ ಜೋಧಪುರದ ಕೇಸಿಗೆ ಸಲ್ಮಾನ್ ಖಾನ್‌ಗೆ 2018ರಾಗ 5 ವರ್ಷ ಶಿಕ್ಷೆ ಆತು. (ಎರಡೇ ದಿನಕ್ಕ ಜಾಮೀನೂ ಸಿಕ್ತು, ಅದು ಬಿಡ್ರಿ.)

ಆದ್ರ ನಮ್ಮಪ್ಪನ ಸಿಟ್ಟೂ ಖರೇನ. 1974ರಾಗ ಚಿಗರಿಗಂತ 119 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದ್ರು. ಒಳಗ ನೋಡಿದ್ರ ಎಲ್ಲೆಲ್ಲೂ ನೀಲಗಿರಿ. ಚಿಗರಿಗೆ ಬೇಕಾದದ್ದು ಬಯಲು, ಹುಲ್ಲು. ಅದು ಸಾಲದಿದ್ರ ನಮ್ಮ ಗೋವಿನಜೋಳದ ಮೊಳಕೆಗೆ ಬರದ ಎಲ್ಲಿ ಹೋಗ್ತಾವ? ಅಪ್ಪ ರಾತ್ರಿಯಿಡೀ ಡಬ್ಬಿ ಬಡೀತಾನ, ಬೈತಾನ. ಮರಿ ಕಂಡ್ರ ಮಾತ್ರ ಬಡಿಯೂದು ನಿಲ್ಲಿಸ್ತಾನ.

ಈ ವರ್ಷ ಎರಡನೇ ಸಲ ಬಿತ್ತೇವಿ.