ಮೂವತ್ತೈದು ಸಾವಿರ

2020ರ ಜನವರಿ, ಸಂಕ್ರಾಂತಿಯ ವಾರ. ಗಾಂಧಿ ಬಜಾರಿನಲ್ಲಿ ಕಬ್ಬಿನ ಜಲ್ಲೆ ಚೌಕಾಸಿ ನಡೆದಿದೆ. ನೀವು ನಿಂತಿರುವುದು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ, ಸರತಿಯಲ್ಲಿ. ಜಯನಗರ, ಬನಶಂಕರಿಯಿಂದ ಆಟೋ ಹಿಡಿದು ಬಂದವರೂ ಇದ್ದಾರೆ. ಮುಂದಿರುವ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಎಫ್‌ಡಿ ಬಾಂಡು ತೆಗೆದು ಮೊತ್ತ ನೋಡುತ್ತಾರೆ, ಮಡಚುತ್ತಾರೆ, ಮತ್ತೆ ತೆಗೆಯುತ್ತಾರೆ. ಹತ್ತಾರು ವರ್ಷದ ಉಳಿತಾಯವಿರಲಿ, ಕೈಗೆ ಸಿಗುವುದು 35,000 ರೂಪಾಯಿ. ರಿಸರ್ವ್ ಬ್ಯಾಂಕಿನ ಆಜ್ಞೆ. ಅದನ್ನು ಹೊರಡಿಸಿದ್ದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನಡಿ. ಅಂಕಿ ಕೂಡಿಬಂದದ್ದು ಕಾಕತಾಳೀಯ.

"ಸಹಕಾರ ಸಂಘ ಅಂದ್ಮೇಲೆ ರಿಜಿಸ್ಟ್ರಾರ್ ನೋಡ್ಕೋಬೇಕಿತ್ತಲ್ವೇ ಸಾರ್?"

"ಆಡಳಿತ ಅವರದು, ಬ್ಯಾಂಕಿಂಗ್ ಆರ್‌ಬಿಐದು ಕಣಮ್ಮಾ."

"ಹಾಗಾದ್ರೆ ಯಾರನ್ನ ಕೇಳ್ಬೇಕು?"

ಉತ್ತರ ಬರುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯೇ ಸಹಕಾರ ಸಂಘವನ್ನು ರಾಜ್ಯಪಟ್ಟಿಯ 32ರಲ್ಲೂ ಬ್ಯಾಂಕಿಂಗನ್ನು ಕೇಂದ್ರಪಟ್ಟಿಯ 45ರಲ್ಲೂ ಇಟ್ಟಿದೆ. 1966ರಿಂದ ಸಹಕಾರಿ ಬ್ಯಾಂಕುಗಳಿಗೆ ಇಬ್ಬರು ಯಜಮಾನರು. ಖಾಸಗಿ ಬ್ಯಾಂಕುಗಳ ಮಟ್ಟಿಗೆ ವಾದ ಎಂದೋ ಮುಗಿದಿತ್ತು: ಆರ್‌ಬಿಐ ಅರ್ಜಿ ಹಾಕಿದರೆ ಕೋರ್ಟು ಮರುಮಾತಿಲ್ಲದೆ ಬ್ಯಾಂಕು ಮುಚ್ಚಿಸಬೇಕೇ ಎಂದು ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕಿನ ಪ್ರಕರಣದಲ್ಲಿ ಪ್ರಶ್ನೆ ಎದ್ದಾಗ, 1962ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಆ ಅಧಿಕಾರವನ್ನು ಎತ್ತಿಹಿಡಿಯಿತು. ಸಹಕಾರಿಗಳ ವಿಷಯ ಮಾತ್ರ ತೂಗಾಡುತ್ತಲೇ ಇತ್ತು. ಅದೇ ಕೋರ್ಟಿನ 2007ರ ತೀರ್ಪು ರಾಜ್ಯಗಳ ಕಡೆ ವಾಲಿತು.

ನಿಮ್ಮ ಸರತಿ ಎರಡು ಹೆಜ್ಜೆ ಸರಿಯುತ್ತದೆ. ಕಾನೂನು ಅದಕ್ಕಿಂತ ನಿಧಾನ. ಇದೇ ಮೇ 5ರಂದು ಐವರು ನ್ಯಾಯಮೂರ್ತಿಗಳ ಪೀಠ, ಸಹಕಾರಿ ಬ್ಯಾಂಕು ಮಾಡುವುದೂ ಬ್ಯಾಂಕಿಂಗೇ, ಅದು ಕೇಂದ್ರದ್ದೇ ಎನ್ನಲಿದೆ. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ: ರಾಜ್ಯ ಸರ್ಕಾರದೊಡನೆ ಸಮಾಲೋಚಿಸಿ ಆಡಳಿತ ಮಂಡಳಿಯನ್ನೇ ಬದಿಗೊತ್ತುವ ಅಧಿಕಾರ ಆರ್‌ಬಿಐಗೆ. ರಾಜ್ಯದ ಹಕ್ಕಿಗೆ ಕೈಹಾಕಿದ್ದಾರೆಂದು ಸಹಕಾರಿಗಳು ಹೈಕೋರ್ಟಿನ ಮೆಟ್ಟಿಲೇರಲಿವೆ. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸದಸ್ಯರೇ ಕಟ್ಟಿದ ಸಂಸ್ಥೆಗೆ ಮುಂಬೈಯಿಂದ ಆಡಳಿತಾಧಿಕಾರಿ ಬಂದರೆ ಸಹಕಾರವೆಲ್ಲಿ ಉಳಿಯಿತು? ಆದರೆ ಈ ಸಾಲಿನಲ್ಲಿ ಒಕ್ಕೂಟ ತತ್ವದ ಮಾತು ಯಾರ ಬಾಯಲ್ಲೂ ಇಲ್ಲ.

"ಇನ್ಶೂರೆನ್ಸ್ ಇದೆಯಲ್ಲಾ?" ಹಿಂದಿನಿಂದ ಯಾರೋ ಕೇಳುತ್ತಾರೆ.

ಇದೆ, ಒಂದು ಲಕ್ಷಕ್ಕೆ. ಫೆಬ್ರವರಿ 4ಕ್ಕೆ ಅದು ಐದು ಲಕ್ಷವಾಗಲಿದೆ. ಆದರೂ ಬ್ಯಾಂಕು ಮುಚ್ಚಿದರೆ ತಾನೇ ಆ ದುಡ್ಡು? ಇದು ಮುಚ್ಚಿಲ್ಲ, ಕಟ್ಟಿಹಾಕಿದ್ದಾರಷ್ಟೆ. ನಿರ್ಬಂಧದಲ್ಲಿರುವ ಬ್ಯಾಂಕಿನವರಿಗೂ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂಬ ತಿದ್ದುಪಡಿ ಬಂದದ್ದು 2021ರಲ್ಲಿ, ಅದೂ ಸಂಸತ್ತಿನಿಂದ, ಕೋರ್ಟಿನಿಂದಲ್ಲ.