ಗಿರಣಿಯ ಮೀಟರು

ಲಕ್ಷ್ಮೇಶ್ವರ, ಬೆಳಗಿನ ಒಂಬತ್ತು ಗಂಟೆ. ಗಿರಣಿಯೊಳಗೆ ಕಾಲಿಟ್ಟ ಕೂಡಲೇ ಬಿಸಿ ಜೋಳದ ಹಿಟ್ಟಿನ ವಾಸನೆ. ಮಾಲೀಕ ಸ್ವಿಚ್ ಒತ್ತುತ್ತಾನೆ. 10 ಎಚ್‌ಪಿ ಮೋಟಾರು ಗುಡುಗುತ್ತದೆ, ಬೆಲ್ಟು ತಿರುಗುತ್ತದೆ, ಬಟ್ಟೆಯ ಚೀಲಕ್ಕೆ ಹಿಟ್ಟು ಇಳಿಯತೊಡಗುತ್ತದೆ. ಅವನ ಹುಬ್ಬು, ಮೀಸೆ, ಗೋಡೆಯ ಮೇಲಿನ ದೇವರ ಪಟ ಎಲ್ಲವೂ ಬೆಳ್ಳಗಾಗಿವೆ. ಬಾಗಿಲ ಪಕ್ಕದ ಮೀಟರನ್ನು ಮಾತ್ರ ಅವನು ಆಗಾಗ ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತಾನೆ. ಪೂರ್ತಿ ಹೊರೆ ಬಿದ್ದರೆ ಇಂಥ ಮೋಟಾರು ಗಂಟೆಗೆ ಎಂಟು ಯೂನಿಟ್‌ನಷ್ಟು ಎಳೆಯುತ್ತದೆ.

ಡಬ್ಬಿ ಇಟ್ಟು ಸರದಿಗೆ ನಿಂತ ಅಜ್ಜಿ ಕೂಗಿ ಹೇಳುತ್ತಾಳೆ: “ಬೀಸೂ ರೊಕ್ಕ ಮತ್ತ ಏರಿಸಬ್ಯಾಡಪಾ.”

“ನಾ ಎಲ್ಲಿ ಏರಸ್ತೇನಿ ಯವ್ವಾ, ಬಿಲ್ಲ ಏರೇತಿ.”

ಗಲ್ಲಾಪೆಟ್ಟಿಗೆಯಿಂದ ಅವನು ತೆಗೆದ ಹೆಸ್ಕಾಂ ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ನಿಗದಿತ ಶುಲ್ಕ. ಮಂಜೂರಾದ ಎಚ್‌ಪಿ ಮೇಲಿನ ಈ ಲೆಕ್ಕ, ಗಿರಣಿ ಬಂದ್ ಇದ್ದರೂ ತಪ್ಪದು. ಕೆಳಗೆ ಯೂನಿಟ್ ದರ, ವಿದ್ಯುತ್ ತೆರಿಗೆ. 2025ರ ಏಪ್ರಿಲ್‌ನಿಂದ ಸೇರಿದ್ದು, ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ ಒಂದು ಸರ್ಚಾರ್ಜು; ಮೊದಲ ವರ್ಷ ಅದು ಯೂನಿಟ್‌ಗೆ 36 ಪೈಸೆ. ಆ ಲೆಕ್ಕದಲ್ಲಿ ಸಾವಿರ ಯೂನಿಟ್ ಸುಟ್ಟರೆ ಅದೊಂದೇ 360 ರೂಪಾಯಿ. ಗಿರಣಿಯ ಹಿಂದೆಯೇ ಅವನ ಮನೆ. 2023ರ ಆಗಸ್ಟ್‌ನಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಅಲ್ಲಿಗೆ ಶೂನ್ಯ ಬಿಲ್ಲು. ಅದು ದೊಡ್ಡ ಆಸರೆ, ನಿಜ. ಆದರೆ ಆ ಮನೆಯ ಒಲೆ ಉರಿಯುವುದು ಈ ಗಿರಣಿಯಿಂದ.

2023ರ ಮೇ ತಿಂಗಳಲ್ಲಿ ದರ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿದಾಗ, ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ರ ಬಂದ್‌ಗೆ ಕರೆ ಕೊಟ್ಟಿತ್ತು. ಅದೇ ವರ್ಷ 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ಸರ್ಕಾರ ಉಚಿತ ವಿದ್ಯುತ್ ಘೋಷಿಸಿತು. ಬೆಟಗೇರಿಯಂಥ ನೇಕಾರರ ಊರಿಗೆ ಅದು ಸಲ್ಲಬೇಕಾದದ್ದೇ. ಅಷ್ಟೇ ಎಚ್‌ಪಿಯ ಗಿರಣಿಗೆ ಆ ಭಾಗ್ಯವಿಲ್ಲ.

ಈಗ ಶಿರಹಟ್ಟಿ ದಾಟಿ ಮುಂಡರಗಿಯತ್ತ ಬನ್ನಿ. ಎರೆಹೊಲಗಳಾಚೆ ಕಪ್ಪತಗುಡ್ಡದ ಸಾಲು. ಈ ಸೀಮೆಯುದ್ದಕ್ಕೂ ಗಾಳಿಯಂತ್ರಗಳು. ಬುಡಕ್ಕೆ ಹೋಗಿ ನಿಂತರೆ ಪ್ರತಿ ರೆಕ್ಕೆಯೂ ತಲೆಯ ಮೇಲೆ ಸುಯ್ಯೆಂದು ಹಾಯುವುದು ಕೇಳುತ್ತದೆ. ನಮ್ಮ ಗಾಳಿಯಿಂದ ಹುಟ್ಟಿದ ಕರೆಂಟು ತಂತಿ ಹಿಡಿದು ಹೊರಟುಹೋಗುತ್ತದೆ. ಕೇಂದ್ರದ 2022ರ ನಿಯಮದಂತೆ, ಹಸಿರು ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳಲು ಗ್ರಾಹಕನಿಗೆ ಕನಿಷ್ಠ 100 ಕಿಲೋವ್ಯಾಟ್ ಲೋಡ್ ಇರಬೇಕು. ದೂರದ ದೊಡ್ಡ ಕಾರ್ಖಾನೆಗೆ ಈ ದಾರಿ ತೆರೆದಿದೆ. ಲಕ್ಷ್ಮೇಶ್ವರದ ಆ ಮೋಟಾರು ಬರೀ ಏಳೂವರೆ ಕಿಲೋವ್ಯಾಟ್. ಇದು ಅನ್ಯಾಯ.

ಒಂದೂರಿನ ಗಿರಣಿ, ಖಾರ ಕುಟ್ಟುವ ಯಂತ್ರ, ವೆಲ್ಡಿಂಗ್ ಅಂಗಡಿಗಳು ಒಟ್ಟುಗೂಡಿ ಆ 100 ಕಿಲೋವ್ಯಾಟ್ ತುಂಬಿಸಿಕೊಳ್ಳಲು ಅವಕಾಶ ಕೊಡಬೇಕು. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮುಂದಿನ ಸಲ ನಿಮ್ಮ ಬಿಲ್ಲನ್ನು ಹಿಡಿದುಕೊಂಡು ಹೋಗಿ ಈ ಮಾತನ್ನು ಕೇಳಿ.